ಕಿವಿಗೆ ಹಿಡಿದ ಕಾಯಿ

ನಮ್ಮ ಹೊನ್ನಿ ಪೊರಕೆಯಲ್ಲಿ ಪಾಸಾದಳು.

ಓದಿದ್ದಕ್ಕಲ್ಲ. ಬರೆದದ್ದಕ್ಕಲ್ಲ. ಶಾಲೆಯ ಅಂಗಳ ಗುಡಿಸಿದ್ದಕ್ಕೆ, ಕೆರೆಯಿಂದ ನೀರು ಹೊತ್ತು ಹೂವಿನ ಗಿಡಗಳಿಗೆ ಹಾಕಿದ್ದಕ್ಕೆ. ಕುಡಿಯುವ ನೀರಿನ ಗಡಿಗೆ ಮಾತ್ರ ಅವಳು ಮುಟ್ಟುವಂತಿರಲಿಲ್ಲ.

"ಚಿಕ್ಕವ್ವ, ನಂಗೆ ಕಾರ್ಯಾನುಭವದಲ್ಲಿ ಉತ್ತಮ ಅಂತೆ. ಮೇಷ್ಟ್ರು ಹೇಳವ್ರೆ" ಎಂದು ಕುಣಿಯುತ್ತಾ ಬಂದಳು. ಎರಡನೇ ಕ್ಲಾಸಿನ ಹುಡುಗಿ. ಅಂಗೈ ತೋರಿಸಿದಳು. ಮೂರು ಬೊಬ್ಬೆ. ಒಂದು ಒಡೆದಿತ್ತು.

ನಾನು ರಾಮಕ್ಕ, ಹೊನ್ನಿಯ ತಾಯಿ ಭೈರಮ್ಮನ ತಂಗಿ. ಕೇರಿಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಏಳನೇ ಕ್ಲಾಸು' ಎನ್ನುತ್ತಿದ್ದರು. ಕೇರಿಗೆಲ್ಲ ಓದಬಲ್ಲ ಹೆಂಗಸು ನಾನೊಬ್ಬಳೇ. ನಾನೇನೂ ಮಹಾ ಬುದ್ಧಿವಂತೆಯಲ್ಲ. ಅಜ್ಜಿಯ ಊರು ಕಂದಿಕೆರೆಯಲ್ಲಿ ಬೆಳೆದೆ, ಅಲ್ಲಿಯ ಮೇಷ್ಟ್ರು ಎಲ್ಲರ ಜೊತೆ ಒಳಗೆ ಕೂರಿಸಿದರು, ಅಷ್ಟೆ. ನಮ್ಮೂರಲ್ಲೇ ಇದ್ದಿದ್ದರೆ ನಾನೂ ಒಂದನೇ ಕ್ಲಾಸಿನಲ್ಲಿ ಮೂರು ಸಲ ಫೇಲಾಗಿ ಮೇಕೆ ಹಿಂದೆ ಹೋಗುತ್ತಿದ್ದೆ. ನಮ್ಮ ಕೇರಿಯ ಮಕ್ಕಳು ಹಾಗೆಯೇ ಹೋಗುತ್ತಿದ್ದರು. ಮೂರು ಫೇಲು, ಒಂದು ಮೇಕೆ. ಅದೇ ಲೆಕ್ಕ.

ನಮ್ಮೂರ ಹೆಸರು ಹೇಳುವುದಿಲ್ಲ. ತಿಪಟೂರಿನಿಂದ ಹಾಲ್ಕುರಿಕೆ ಕಡೆ ಹೋಗುವ ಬಸ್ಸಿನಲ್ಲಿ ಕೂತರೆ ಎಡಗಡೆ ಸಿಗುತ್ತದೆ. ಹೆಸರು ಹೇಳಿದರೆ ಇವತ್ತಿಗೂ ಜಗಳಕ್ಕೆ ಬರುವವರಿದ್ದಾರೆ. ಬರಲಿ ಎಂಬ ಆಸೆ ನನಗೂ ಇದೆ, ಆದರೆ ಮೊದಲು ಕಥೆ ಮುಗಿಯಲಿ.

ಅದು ೧೯೭೯. ದಸರಾ ರಜೆ ಮುಗಿದಿತ್ತು. ಆ ವರ್ಷ ಶಾಲೆಯ ಪಾಠದ ಪಟ್ಟಿಯಲ್ಲಿ ಕಾರ್ಯಾನುಭವ ಎಂಬ ಹೊಸ ವಿಷಯ ಸೇರಿತ್ತು. ಮಕ್ಕಳು ಕೈಯಿಂದ ಕೆಲಸ ಮಾಡಿ ಕಲಿಯಬೇಕಂತೆ. ಒಳ್ಳೆಯ ವಿಷಯವೇ. ಊರ ಮಕ್ಕಳಿಗೂ ಕಾರ್ಯಾನುಭವ ಇತ್ತು. ಅವರು ಬಣ್ಣದ ಕಾಗದ ಕತ್ತರಿಸಿ ಹೂ ಮಾಡುತ್ತಿದ್ದರು. ನಮ್ಮ ಕೇರಿಯ ಹನ್ನೊಂದು ಮಕ್ಕಳು ಆ ಕಾಗದದ ಚೂರು ಗುಡಿಸುತ್ತಿದ್ದರು.

ಹೊನ್ನಿ ಆ ಚೂರುಗಳನ್ನು ಎಸೆಯುತ್ತಿರಲಿಲ್ಲ. ಅಕ್ಷರ ಇರುವುದನ್ನೆಲ್ಲ ಲಂಗದಲ್ಲಿ ಕಟ್ಟಿಕೊಂಡು ತರುತ್ತಿದ್ದಳು. ಹಳೇ ಪೇಪರು, ಹರಿದ ಪಾಠದ ಪುಸ್ತಕ, ಸೋಪಿನ ಕಾಗದ, ಏನಾದರೂ ಸರಿ. ಸಂಜೆ ಒಲೆ ಮುಂದೆ ಕೂತು ನಾನು ಓದಿಸುತ್ತಿದ್ದೆ. ಸೋಪಿನ ಕಾಗದದಿಂದಲೇ ಅವಳಿಗೆ ಒತ್ತಕ್ಷರ ಬಂದವು.

ನಾನೂ ಭೈರಮ್ಮನೂ ಮರುಳಸಿದ್ದಯ್ಯನವರ ತೋಟದ ಕೊಟ್ಟಿಗೆಯಲ್ಲಿ ಕೊಬ್ಬರಿ ಕೆಲಸ ಮಾಡುತ್ತಿದ್ದೆವು. ಮರುಳಸಿದ್ದಯ್ಯ ಅಂದರೆ ಊರಿಗೆ ದೊಡ್ಡ ಕೊಬ್ಬರಿ ವ್ಯಾಪಾರಿ, ಶಾಲಾ ಸಮಿತಿಗೂ ಅವರೇ ಅಧ್ಯಕ್ಷರು. ಕೊಟ್ಟಿಗೆಯ ಅಟ್ಟದ ತುಂಬಾ ಅವರ ಕಾಯಿ. ಮಟ್ಟೆ ಸಮೇತ ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದಿರುತ್ತವೆ. ಒಳಗಿನ ನೀರೆಲ್ಲ ಹೀರಿ ಕಾಯಿ ಉಂಡೆ ಕೊಬ್ಬರಿಯಾಗುತ್ತದೆ. ಇಳಿಸುವಾಗ ಒಂದೊಂದನ್ನೂ ಎತ್ತಿ ಕಿವಿಯ ಹತ್ತಿರ ಅಲುಗಿಸಿ ನೋಡಬೇಕು. ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಗಡಗಡ ಎನ್ನುತ್ತದೆ. ಕೊಬ್ಬರಿ ಇನ್ನೂ ಆಗದಿದ್ದರೆ ನೀರು ಕುಲುಕುತ್ತದೆ. ಗಡಗಡ ಎಂದದ್ದು ಗಂಡಸರ ಕಡೆಗೆ. ಅವರು ನೆಲಕ್ಕೆ ನೆಟ್ಟ ಕಬ್ಬಿಣದ ಕೋಲಿಗೆ ಕುಟ್ಟಿ ಮಟ್ಟೆ ಸುಲಿಯುತ್ತಾರೆ. ಆಮೇಲೆ ನಾವು ಮಚ್ಚಿನಿಂದ ಚಿಪ್ಪು ಬಿಡಿಸುತ್ತೇವೆ. ಏಟು ಒಂದು ಕೂದಲು ಜಾಸ್ತಿಯಾದರೆ ಉಂಡೆ ಒಡೆಯುತ್ತದೆ, ಮರುಳಸಿದ್ದಯ್ಯನವರ ಬಾಯೂ ಒಡೆಯುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕುಕ್ಕರಗಾಲು. ಎದ್ದು ನಿಂತಾಗ ಸೊಂಟ ನಮ್ಮದೋ ಬೇರೆಯವರದೋ ಗೊತ್ತಾಗುವುದಿಲ್ಲ.

ಕಿವಿಗೆ ಹಿಡಿಯುವುದರಲ್ಲಿ ಭೈರಮ್ಮನನ್ನು ಮೀರಿಸುವವರಿರಲಿಲ್ಲ. ತಪ್ಪಿದ್ದು ನಾನು ನೋಡಿಲ್ಲ.

ಒಂದು ಗುರುವಾರ ಮಧ್ಯಾಹ್ನ ಕೊಟ್ಟಿಗೆಗೆ ಗಿರಿಜಾಂಬಿಕಾ ಟೀಚರು ಬಂದರು. ದಂಡಿನಶಿವರದ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಷ್ಟೆ. ಒಂದನೇ ಕ್ಲಾಸು ನೋಡಿಕೊಳ್ಳುತ್ತಿದ್ದರು. ಒಂದು ಕೈಲಿ ಛತ್ರಿ, ಒಂದು ಕೈಲಿ ಸುತ್ತೋಲೆ. ಕೂರಿ ಎನ್ನುವುದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಅವರೇ ಮಟ್ಟೆಯ ರಾಶಿಯ ಮೇಲೆ ಕೂತರು. ಒಳ್ಳೆಯ ಸೀರೆ. ನಮಗೇ ಅಯ್ಯೋ ಅನ್ನಿಸಿತು.

"ಹೊಸ ಪದ್ಧತಿಯನ್ನ ಪೋಷಕರಿಗೆ ತಿಳಿಸಬೇಕು ಅಂತ ಆರ್ಡರಾಗಿದೆ" ಎಂದು ಶುರುಮಾಡಿದರು. "ಇನ್ನು ಮೇಲೆ ನಾಲ್ಕನೇ ಕ್ಲಾಸಿನ ತನಕ ಯಾರನ್ನೂ ಫೇಲು ಮಾಡೋ ಹಾಗಿಲ್ಲ. ವರ್ಷದ ಕೊನೆಗೆ ಒಂದೇ ಪರೀಕ್ಷೆ ಅನ್ನೋದು ಹೋಯ್ತು. ಈಗ ನಿರಂತರ ಮೌಲ್ಯಮಾಪನ."

ಕೊಟ್ಟಿಗೆಯಲ್ಲಿ ಮಚ್ಚುಗಳ ಸದ್ದು ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ಏಳನೇ ಕ್ಲಾಸಿಗೆ ಆ ಮಾತು ಸಿಕ್ಕಿರಲಿಲ್ಲ. ನಾನು ಟೀಚರ ಮುಖ ನೋಡಿದೆ.

ಭೈರಮ್ಮನ ಗಂಡ ಲಕ್ಕಯ್ಯ ಮಟ್ಟೆ ಸುಲಿಯುವುದು ನಿಲ್ಲಿಸಿ ಬಂದ. "ಪರೀಕ್ಷೆ ಮುಗ್ದ ದಿನ ಕೋಳಿ ಕುಯ್ತೀನಿ ಅಂತ ಹುಡ್ಗಿಗೆ ಮಾತು ಕೊಟ್ಟಿದ್ದೆ ಕಣವ್ವ. ಪರೀಕ್ಷೇನೇ ಇಲ್ಲ ಅಂದ್ರೆ ಹೆಂಗೆ?"

"ಕೋಳಿ ಪಾಸಾಯ್ತು ಬುಡು" ಎಂದಳು ಭೈರಮ್ಮ.

ಎಲ್ಲರೂ ನಕ್ಕರು. ಟೀಚರೂ ನಕ್ಕರು. ನಗದೆ ಕೂತಿದ್ದವನು ಹುಚ್ಚರಂಗಯ್ಯ ಒಬ್ಬನೇ. ಕೇರಿಯ ಹಿರಿಯ, ಮೂರು ಮೊಮ್ಮಕ್ಕಳನ್ನು ಮೇಕೆಯ ಹಿಂದೆ ಕಳಿಸಿದವನು.

"ಫೇಲೇ ಇಲ್ಲ ಅಂದ್ಮೇಲೆ ಪಾಸಾಗಿ ಏನ್ ಬಂತು ತಾಯಿ?" ಎಂದ. "ಮೊದ್ಲು ಕಲಿಸ್ದೆ ಫೇಲು ಮಾಡ್ತಿದ್ರು. ಈಗ ಕಲಿಸ್ದೆ ಪಾಸು ಮಾಡ್ತೀರಿ. ನಮ್ಗೇನು ಅದ್ರಿಂದ?"

ಟೀಚರು ಸುತ್ತೋಲೆ ತಿರುಗಿಸಿ ನೋಡಿದರು. ಅದರಲ್ಲಿ ಹುಚ್ಚರಂಗಯ್ಯನಿಗೆ ಉತ್ತರ ಇರಲಿಲ್ಲ. ಕಾಗದ ಮಡಚಿ ಬಾಯಿಮಾತಿನಲ್ಲಿ ಹೇಳಿದರು. "ಹಾಗಲ್ಲ ತಾತ. ಮಗುಗೆ ಎಷ್ಟು ಬರುತ್ತೆ ಅಂತ ತಿಂಗಳು ತಿಂಗಳು ನಾವು ನೋಡ್ಬೇಕು. ಬರಲಿಲ್ಲ ಅಂದ್ರೆ ಮತ್ತೆ ಹೇಳಿಕೊಡ್ಬೇಕು. ಬರೋ ತನಕ ಹೇಳಿಕೊಡ್ಬೇಕು. ದಡ್ಡ ಅಂತ ಹೊರಗೆ ಹಾಕ್ಬಾರದು."

ಭೈರಮ್ಮ ಇಷ್ಟು ಹೊತ್ತೂ ಕೈಕೆಲಸ ಬಿಟ್ಟಿರಲಿಲ್ಲ. ಒಂದು ಕಾಯಿ ಎತ್ತಿ ತನ್ನ ಕಿವಿಗೆ ಹಿಡಿದಳು. ಎದ್ದು ಬಂದು ಅದನ್ನೇ ಟೀಚರ ಕಿವಿಗೆ ಹಿಡಿದು ಅಲುಗಿಸಿದಳು.

"ಏನ್ ಕೇಳ್ತದೆ?"

"ನೀರಿನ ಸದ್ದು."

"ಆಗಿಲ್ಲ ಇದು. ಇದ್ನ ಈಗ ಒಡೆದ್ರೆ?"

"ಹಾಳಾಗುತ್ತೆ."

"ಅದ್ಕೇ ಒಡೆಯಕಿಲ್ಲ. ಬಯ್ಯಕೂ ಇಲ್ಲ. ತಿರುಗಾ ಅಟ್ಟಕ್ಕೆ ಹಾಕ್ತೀವಿ. ತಿಂಗ್ಳು ಬುಟ್ಟು ಮತ್ತೆ ಕಿವಿಗೆ ಹಿಡಿತೀವಿ. ನಿಮ್ಮ ಹೊಸ ಪದ್ಧತಿ ಅಂದ್ರೆ ಇಷ್ಟೇ ತಾನೆ?"

ಟೀಚರು ಬಾಯಿಬಿಟ್ಟುಕೊಂಡು ಅವಳನ್ನೇ ನೋಡಿದರು. "ಎರಡು ದಿನ ತಿಪಟೂರಲ್ಲಿ ಕೂರಿಸಿ ನಮಗೆ ಇದನ್ನೇ ಹೇಳಿದ್ರು ಭೈರಮ್ಮ. ನನಗೆ ಇವತ್ತು ಅರ್ಥ ಆಯ್ತು."

ಹುಚ್ಚರಂಗಯ್ಯ ತಲೆಯಾಡಿಸಿದ. "ಹಿಂಗೆ ಹೇಳಿದ್ರೆ ತಿಳಿತದೆ." ಹೆಂಗಸರು ತಮ್ಮತಮ್ಮ ಮಕ್ಕಳನ್ನು ಲೆಕ್ಕ ಹಾಕತೊಡಗಿದರು. ನಮ್ಮ ಹೈದನ್ನ ಇನ್ನೂ ಆರು ತಿಂಗ್ಳು ಅಟ್ಟದ ಮೇಲೆ ಇಡ್ಬೇಕು ಎಂದಳು ಒಬ್ಬಳು. ನಮ್ಮೋನಿಗೆ ಒಳ್ಗೆ ಬರೀ ನೀರೇ ಎಂದಳು ಇನ್ನೊಬ್ಬಳು. ಕೊಟ್ಟಿಗೆಯಲ್ಲಿ ಆವತ್ತು ಆದಷ್ಟು ನಗು ನಾನು ಹಿಂದೆಂದೂ ಕೇಳಿರಲಿಲ್ಲ.

ಭೈರಮ್ಮ ಮಾತ್ರ ಕಾಯಿ ಕೈಲಿ ಹಿಡಿದು ನಿಂತೇ ಇದ್ದಳು.

"ಅಂಗಾರೆ ಒಂದು ಮಾತು ಕೇಳ್ತೀನಿ ಟೀಚರಮ್ಮ. ಕಾಯ್ನ ಕೈಗೆ ಎತ್ಕಳ್ದೆ ಆಗೈತೋ ಇಲ್ವೋ ಅಂತ ಯಾವ ಶಿವನಿಗೂ ಗೊತ್ತಾಗಕಿಲ್ಲ. ನಮ್ಮ ಹೊನ್ನಿ ಸ್ಲೇಟ್ನ ದೊಡ್ಡ ಮೇಷ್ಟ್ರು ಯಾವತ್ತಾದ್ರೂ ಕೈಗೆ ಎತ್ಕಂಡವ್ರಾ?"

ದೊಡ್ಡ ಮೇಷ್ಟ್ರು ಅಂದರೆ ಹೆಡ್‌ಮಾಸ್ಟರ್ ಗಂಗಾಧರಯ್ಯ. ಎರಡನೇ ಕ್ಲಾಸಿನಿಂದ ಮೇಲೆ ಅವರದೇ ಪಾಠ. ಊರ ಮಕ್ಕಳ ಸ್ಲೇಟು ಅವರ ತೊಡೆಯ ಮೇಲೆ. ನಮ್ಮ ಮಕ್ಕಳ ಸ್ಲೇಟು ಜಗುಲಿಯ ಮೆಟ್ಟಿಲ ಮೇಲೆ. ಮಕ್ಕಳು ಇಟ್ಟು ಹಿಂದೆ ಸರಿಯಬೇಕು. ಅವರು ಕುರ್ಚಿಯಲ್ಲಿ ಕೂತೇ ಕತ್ತು ಚಾಚಿ ನೋಡುತ್ತಾರೆ. ಬಳಪ ಬೇಕಾದರೆ ಎಸೆಯುತ್ತಾರೆ. ಅಷ್ಟು ದೂರದಿಂದ ಸ್ಲೇಟಿನ ಮೇಲೆ ಅ ಇದೆಯೋ ಆನೆ ಇದೆಯೋ ಯಾರಿಗೆ ಕಾಣಬೇಕು?

ಟೀಚರು ಛತ್ರಿಯ ಹಿಡಿಕೆ ತಿರುವುತ್ತಾ ಕೂತಿದ್ದರು. ಆಮೇಲೆ ನಿಜ ಹೇಳಿಬಿಟ್ಟರು.

"ಶನಿವಾರ ಪೋಷಕರ ಸಭೆ ಇದೆ. ಪ್ರಗತಿ ಪತ್ರ ಆಗಲೇ ಬರೆದು ಇಟ್ಟಿದ್ದಾರೆ. ನಿಮ್ಮ ಹನ್ನೊಂದು ಮಕ್ಕಳಿಗೂ ಒಂದೇ ತರಹ. ಓದು ಸಾಲದು, ಕಾರ್ಯಾನುಭವ ಉತ್ತಮ. ಕೆಳಗೆ ಒಂದು ಸಾಲು ಇದೆ. ಮಧ್ಯಾಹ್ನದ ಮೇಲೆ ಮಗುವನ್ನ ಕಾರ್ಯಾನುಭವಕ್ಕೆ ಕಳಿಸೋಕೆ ಪೋಷಕರ ಒಪ್ಪಿಗೆ ಇದೆ ಅಂತ. ಅದಕ್ಕೆ ನಿಮ್ಮ ಹೆಬ್ಬೆಟ್ಟು ಬೇಕು."

"ಎಲ್ಲಿಗೆ ಕಳಿಸ್ತಾರೆ?" ಎಂದೆ ನಾನು.

ಟೀಚರು ಕಣ್ಣಿನಲ್ಲೇ ಸುತ್ತ ತೋರಿಸಿದರು. ಈ ಕೊಟ್ಟಿಗೆಗೆ. ಚಿಪ್ಪು ಆರಿಸಲು, ಮಟ್ಟೆ ಒಟ್ಟಲು. ಫೇಲು ಮಾಡಿ ಹೊರಗೆ ಹಾಕುವ ದಾರಿ ಮುಚ್ಚಿತು ನೋಡಿ, ಉತ್ತಮ ಎಂದು ಬರೆದು ಹೊರಗೆ ಹಾಕುವ ದಾರಿ ತೆಗೆದಿದ್ದರು. ಅದೂ ನಮ್ಮದೇ ಹೆಬ್ಬೆಟ್ಟಿನಿಂದ.

ಸೋಪಿನ ಕಾಗದ ಆರಿಸಿ ಅಕ್ಷರ ಕಲಿತ ಹುಡುಗಿ. ಅವಳು ಮಧ್ಯಾಹ್ನದ ಹೊತ್ತಿಗೆ ನಮ್ಮ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂರಬೇಕು. ಮಚ್ಚು ತೆಗೆದು ಯಾವುದಕ್ಕಾದರೂ ಹೊಡೆಯೋಣ ಅನ್ನಿಸಿತು. ಹೊಡೆದೆ. ಒಂದು ಕೊಬ್ಬರಿ ಎರಡು ಹೋಳಾಯಿತು.

"ನನ್ನ ಹೆಸರು ಹೇಳಬೇಡಿ" ಎಂದರು ಟೀಚರು. "ಕೆಲಸ ಇನ್ನೂ ಖಾಯಂ ಆಗಿಲ್ಲ."

"ನೀವು ಬಂದೂ ಇಲ್ಲ, ನಾವು ನೋಡೂ ಇಲ್ಲ" ಎಂದಳು ಭೈರಮ್ಮ. "ಸೀರೆ ಕೊಡವ್ಕಂಡು ಹೋಗಿ. ನಾರು ಅಂಟೈತೆ."

ಅವರು ಹೋದ ಮೇಲೆ ಭೈರಮ್ಮ ರಾಶಿಯಿಂದ ಕಾಯಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದಳು. ನಾಲ್ಕು ಆರಿಸಿ ಬೇರೆ ಇಟ್ಟಳು. ಯಾಕೆ ಎಂದು ಕೇಳಿದೆ. ಹೇಳಲಿಲ್ಲ. ಅವಳು ಹೇಳದೆ ಇದ್ದಾಗ ಏನೋ ಇರುತ್ತದೆ ಎಂದು ಗೊತ್ತಿದ್ದರಿಂದ ನಾನೂ ಸುಮ್ಮನಾದೆ.

ಶನಿವಾರ ಶಾಲೆ ಬೆಳಗಿನ ಹೊತ್ತೇ ಬಿಡುತ್ತದೆ. ಹನ್ನೊಂದು ಗಂಟೆಗೆ ಸಭೆ. ಜಗುಲಿಯ ಮೇಲೆ ಊರವರಿಗೆ ಬೆಂಚು. ನಮಗೆ ಅಂಗಳದಲ್ಲಿ ಹೊಂಗೆ ಮರದ ನೆರಳು. ಅಂಗಳ ಚೆನ್ನಾಗಿ ಗುಡಿಸಿತ್ತು, ಯಾರು ಗುಡಿಸಿದ್ದೆಂದು ನಮಗೆ ಗೊತ್ತಿತ್ತು. ಮರುಳಸಿದ್ದಯ್ಯ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅವರ ಮೊಮ್ಮಗ ತೋಂಟದಾರ್ಯ, ಹೊನ್ನಿಯ ಕ್ಲಾಸಿನವನೇ, ಕೈಲೊಂದು ಕೆಂಪು ಕಾಗದದ ಹೂ ಹಿಡಿದಿದ್ದ. ಗಿರಿಜಾಂಬಿಕಾ ಟೀಚರು ಬಾಗಿಲ ಮರೆಯಲ್ಲಿ ನಿಂತಿದ್ದರು.

ಗಂಗಾಧರಯ್ಯ ಎದ್ದು ಭಾಷಣ ಮಾಡಿದರು. ಮಗುವಿನ ಸರ್ವತೋಮುಖ ಬೆಳವಣಿಗೆ, ಶ್ರಮದ ಗೌರವ, ನವೀನ ಪಠ್ಯಕ್ರಮ. ಅರ್ಧ ಗಂಟೆ. ಲಕ್ಕಯ್ಯ ಮರಕ್ಕೆ ಒರಗಿ ಒಂದು ನಿದ್ದೆ ತೆಗೆದ. ಶ್ರಮದ ಗೌರವ ಎಂದಾಗಲೆಲ್ಲ ಮೇಷ್ಟ್ರು ನಮ್ಮ ಕಡೆ ಕೈ ತೋರಿಸುತ್ತಿದ್ದರು.

ಆಮೇಲೆ ಹೆಸರು ಕೂಗಿದರು. ಊರವರು ಹೋಗಿ ಪತ್ರ ಇಸಿದುಕೊಂಡು ಸಹಿ ಹಾಕಿ ಕೂತರು. ನಮ್ಮ ಸರದಿ ಬಂತು. ಇಂಕಿನ ಪ್ಯಾಡನ್ನು ಮೆಟ್ಟಿಲ ಮೇಲೆ ಇಟ್ಟರು.

"ಏ ಭೈರಿ. ಬಾ, ಒತ್ತು" ಎಂದು ಪತ್ರವನ್ನು ಮೆಟ್ಟಿಲ ಮೇಲೆ ಹಾಕಿದರು.

ಭೈರಮ್ಮ ಹೋದಳು. ಮಂಕರಿ ಕಂಕುಳಲ್ಲಿತ್ತು. ಪ್ಯಾಡಿನ ಪಕ್ಕದಲ್ಲಿ ಮಂಕರಿ ಇಳಿಸಿದಳು. ಹೆಬ್ಬೆಟ್ಟನ್ನು ಸೆರಗಿನಲ್ಲಿ ಒರೆಸಿಕೊಂಡಳು. ಒತ್ತುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು.

"ಒತ್ತಕಿಲ್ಲ" ಎಂದಳು.

ಬೆಂಚಿನವರೆಲ್ಲ ಕತ್ತು ಚಾಚಿದರು.

"ಏನಂದೆ?" ಎಂದರು ಮೇಷ್ಟ್ರು.

"ಒತ್ತಕಿಲ್ಲ ಅಂದೆ. ಅದ್ರಲ್ಲಿ ಏನ್ ಬರ್ದಿದ್ದೀರಿ ಅಂತ ನಂಗೊತ್ತು. ನನ್ನ ಮಗಳಿಗೆ ಓದಕ್ಕೆ ಬರಕಿಲ್ಲ ಅಂತ ನಿಮ್ಗೆ ಹೆಂಗೆ ಗೊತ್ತಾಯ್ತು?"

"ದಿನಾ ನೋಡ್ತಿಲ್ವೇನು ನಾನು?"

"ದೂರದಿಂದ ನೋಡ್ತೀರಿ." ಭೈರಮ್ಮ ಮಂಕರಿಯಿಂದ ನಾಲ್ಕು ಕಾಯಿ ತೆಗೆದು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಳು. "ಸಾವ್ಕಾರ್ರ ಅಟ್ಟದವೇ ಇವು. ಸಂಜೆಗೆ ತಿರುಗಾ ಇಡ್ತೀನಿ. ಇದ್ರಲ್ಲಿ ಎರಡು ಆಗವೆ, ಎರಡು ಆಗಿಲ್ಲ. ಮೇಷ್ಟ್ರೇ, ನೀವು ಅಲ್ಲೇ ಕುರ್ಚಿಯಲ್ಲಿ ಕುಂತ್ಕಂಡು ಯಾವುದು ಆಗೈತೆ ಹೇಳಿ. ಸರಿಯಾಗಿ ಹೇಳಿದ್ರೆ ಹತ್ತು ಬೆಟ್ಟೂ ಒತ್ತಿ ಹೋಗ್ತೀನಿ."

ಮೇಷ್ಟ್ರು ಕಾಯಿಗಳನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡು ನೋಡಿದರು. ನಾಲ್ಕೂ ಒಂದೇ ಗಾತ್ರ, ಒಂದೇ ಬಣ್ಣ. ನಮ್ಮ ಹನ್ನೊಂದು ಮಕ್ಕಳ ಪತ್ರ ಇದ್ದ ಹಾಗೆ.

"ಇದೇನು ತಮಾಷೆ" ಎಂದರು. ದನಿ ಸ್ವಲ್ಪ ಇಳಿದಿತ್ತು. "ಆ ಕೊನೇದು ಆಗಿದೆ, ಬೆಳ್ಳಗೆ ಒಣಗಿದೆ."

ಆಗ ನಡೆಯಬಾರದ್ದು ನಡೆದುಹೋಯಿತು. ಮರುಳಸಿದ್ದಯ್ಯ ಮೂವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ಕಾಯಿಯ ವಿಷಯದಲ್ಲಿ ಯಾರಾದರೂ ತಪ್ಪು ಹೇಳಿದರೆ ಅವರಿಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಬಗ್ಗಿ ಕೊನೆಯ ಕಾಯಿ ಎತ್ತಿ ಕಿವಿಗೆ ಹಿಡಿದರು.

"ಯಾರ್ರೀ ಹೇಳಿದ್ದು ಆಗಿದೆ ಅಂತ? ನೀರು ಕುಲುಕ್ತಿದೆ. ಇನ್ನೂ ಎರಡು ತಿಂಗಳು ಬೇಕು ಇದಕ್ಕೆ." ಉಳಿದ ಮೂರನ್ನೂ ಒಂದಾದ ಮೇಲೊಂದು ಕಿವಿಗೆ ಹಿಡಿದು ಬೇರೆ ಮಾಡತೊಡಗಿದರು. "ಇದು ಆಗಿದೆ. ಇದು ಆಗಿದೆ. ಇದು ಇಲ್ಲ. ಕೈಗೆತ್ತದೆ ಕಾಯಿ ಹೇಳೋಕಾಗುತ್ತೇನ್ರೀ ಮೇಷ್ಟ್ರೇ? ಬುದ್ಧಿ ಇರೋರು ಆಡೋ ಮಾತಾ ಅದು?"

ಹೇಳಿ ಮುಗಿದ ಮೇಲೆ ಅವರಿಗೆ ಗೊತ್ತಾಯಿತು. ಕೈಲಿದ್ದ ಕಾಯಿಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡರು.

ಹೊಂಗೆ ಮರದ ಕೆಳಗೆ ಹುಚ್ಚರಂಗಯ್ಯ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಬೆಂಚಿನ ಮೇಲೂ ಒಬ್ಬಿಬ್ಬರು ಟವೆಲ್ಲು ಬಾಯಿಗೆ ಹಿಡಿದುಕೊಂಡರು.

"ಸಾವ್ಕಾರ್ರು ಹೇಳಿದ್ದೇ ನಾನೂ ಹೇಳದು" ಎಂದಳು ಭೈರಮ್ಮ. ಅವಳು ನಗಲಿಲ್ಲ. "ನಾವು ಮುಟ್ಟಿ, ಅಲುಗಿಸಿ, ಚಿಪ್ಪು ಬಿಡಿಸಿದ ಕೊಬ್ರಿ ಮಠಕ್ಕೂ ಹೋಯ್ತದೆ, ನಿಮ್ಮ ಮನೆ ಹೋಳ್ಗೆಗೂ ಹೋಯ್ತದೆ. ಅದ್ಕೆ ಮೈಲಿಗೆ ಇಲ್ಲ. ನನ್ನ ಮಗಳ ಸ್ಲೇಟ್ಗೆ ಯಾಕೆ? ಮೆಟ್ಟಿಲ ಮೇಲೆ ಹಾಕಿದ್ದೀರಲ್ಲ ಆ ಕಾಗ್ದ, ಎತ್ತಿ ಅವಳ ಕೈಗೆ ಕೊಡಿ. ಪಕ್ಕದಲ್ಲಿ ನಿಲ್ಲಿಸ್ಕಂಡು ಓದಿಸಿ. ಬರ್ಲಿಲ್ಲ ಅಂದ್ರೆ ಇಲ್ಲೇ ಒತ್ತುತೀನಿ."

ಹೊನ್ನಿ ನನ್ನ ಸೆರಗು ಹಿಡಿದು ನಿಂತಿದ್ದಳು. ಸೋಪಿನ ಕಾಗದ ಓದುವುದು ಬೇರೆ, ಇಷ್ಟು ಜನರ ಮುಂದೆ ಓದುವುದು ಬೇರೆ. ಹೆದರಿ ಬಾಯಿ ಕಟ್ಟಿದರೆ ಮುಗಿಯಿತು, ಸೋಮವಾರ ಮಧ್ಯಾಹ್ನ ಅವಳು ಕೊಟ್ಟಿಗೆಯಲ್ಲಿ. ಹೋಗು ಎಂದು ಬೆನ್ನಿಗೆ ಕೈ ಕೊಟ್ಟೆ.

ಹೊನ್ನಿ ಮೆಟ್ಟಿಲು ಹತ್ತಿದಳು. ಮೇಷ್ಟ್ರು ಮರುಳಸಿದ್ದಯ್ಯನವರ ಕಡೆ ನೋಡಿದರು. ಮರುಳಸಿದ್ದಯ್ಯ ತೊಡೆಯ ಮೇಲಿನ ಕಾಯಿ ನೋಡುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಗಂಗಾಧರಯ್ಯ ಬಗ್ಗಿದರು, ಪತ್ರ ಎತ್ತಿಕೊಂಡರು, ಹುಡುಗಿಯ ಕೈಗೆ ಕೊಟ್ಟರು. ಅವರ ಬೆರಳು ಅವಳ ಬೊಬ್ಬೆಗೆ ತಾಗಿತು. ಯಾರಿಗೂ ಏನೂ ಆಗಲಿಲ್ಲ.

"ಓದು" ಎಂದರು.

ಮೇಷ್ಟ್ರ ಅಕ್ಷರ ಮುತ್ತಿನಂತಿರುತ್ತಿತ್ತು. ಆ ಒಂದಕ್ಕೆ ನಾನು ಅವರಿಗೆ ಋಣಿ.

ಹೊನ್ನಿ ಎರಡು ಕೈಯಲ್ಲೂ ಪತ್ರ ಹಿಡಿದಳು. ಸಣ್ಣ ದನಿಯಲ್ಲಿ ಶುರುಮಾಡಿದಳು. "ಹೆಸರು, ಹೊನ್ನಮ್ಮ. ತಂದೆಯ ಹೆಸರು, ಲಕ್ಕಯ್ಯ." ಅಪ್ಪನ ಹೆಸರು ಬಂದ ಮೇಲೆ ಅವಳಿಗೆ ಧೈರ್ಯ ಬಂತು. "ತರಗತಿ, ಎರಡು. ಗಣಿತ, ಸಾಧಾರಣ. ಕಾರ್ಯಾನುಭವ, ಉತ್ತಮ. ಓದು, ಸಾಲದು. ಷರಾ." ಅಲ್ಲಿ ನಿಂತು ನನ್ನ ಕಡೆ ತಿರುಗಿದಳು. "ಷರಾ ಅಂದ್ರೇನು ಚಿಕ್ಕವ್ವ?"

"ಮೇಷ್ಟ್ರ ಮಾತು ಅಂತ. ಮುಂದಕ್ಕೆ ಓದು."

"ಈ ಮಗುವಿಗೆ ಅಕ್ಷರಜ್ಞಾನವಿಲ್ಲ. ಓದಲು ಬಾರದು."

ಒಂದು ಕಡೆಯೂ ತಡವರಿಸಲಿಲ್ಲ. ಒತ್ತಕ್ಷರವನ್ನೂ ಬಿಡಲಿಲ್ಲ. ಓದಿ ಮುಗಿಸಿ ತಲೆಯೆತ್ತಿ ಮೇಷ್ಟ್ರನ್ನು ಕೇಳಿದಳು.

"ಯಾವ ಮಗುವಿಗೆ ಸಾ?"

ಈ ಸಲ ಯಾರೂ ನಗಲಿಲ್ಲ. ಬಾಗಿಲ ಮರೆಯಲ್ಲಿದ್ದ ಗಿರಿಜಾಂಬಿಕಾ ಟೀಚರು ಹೊರಗೆ ಬಂದರು. ಕೆಲಸ ಖಾಯಂ ಆಗದಿದ್ದುದನ್ನು ಮರೆತರೋ ಏನೋ, ಮೇಷ್ಟ್ರ ಜೇಬಿನ ಪೆನ್ನು ತೋರಿಸಿ "ತಿದ್ದಿಬಿಡಿ ಸಾರ್" ಎಂದರು.

ಮೇಷ್ಟ್ರು ತಿದ್ದಿದರು. ಸಾಲದು ಎಂಬುದಕ್ಕೆ ಗೀಟು. ಷರಾಕ್ಕೆ ಗೀಟು. ಕೆಳಗಿನ ಒಪ್ಪಿಗೆಯ ಸಾಲಿಗೆ ಗೀಟು ಹಾಕಿಸುವವರೆಗೆ ಭೈರಮ್ಮ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಆಮೇಲೆ ಪತ್ರ ಇಸಿದುಕೊಂಡು ಮಡಚಿ ಎಲೆಯಡಿಕೆ ಚೀಲಕ್ಕೆ ಹಾಕಿದಳು. ಹೆಬ್ಬೆಟ್ಟು ಒಣಗಿಯೇ ಇತ್ತು.

ಉಳಿದ ಹತ್ತು ಜನರೂ ಒತ್ತಲಿಲ್ಲ. ಮಗೂನ ಓದಿಸಿ ಆಮೇಲೆ ಕೊಡಿ ಎಂದರು. ಮಧ್ಯಾಹ್ನ ಎರಡು ಗಂಟೆವರೆಗೆ ಓದಿಸಿದ್ದೇ ಓದಿಸಿದ್ದು. ನಾನು ಸುಳ್ಳು ಹೇಳುವುದಿಲ್ಲ, ಹನ್ನೊಂದರಲ್ಲಿ ಓದಿದವರು ನಾಲ್ಕೇ ಮಂದಿ. ಏಳು ಮಕ್ಕಳಿಗೆ ನಿಜವಾಗಿಯೂ ಅಕ್ಷರ ಬರುತ್ತಿರಲಿಲ್ಲ. ಜಗುಲಿಯ ಆಚೆ ಕೂರಿಸಿದರೆ ಎಲ್ಲಿಂದ ಬರಬೇಕು?

"ಈ ಏಳು ಆಗಿಲ್ಲ" ಎಂದ ಹುಚ್ಚರಂಗಯ್ಯ. ಅವನ ಕೊನೆಯ ಮೊಮ್ಮಗಳೂ ಅದರಲ್ಲಿದ್ದಳು. "ಕೊಟ್ಟಿಗೆಗಲ್ಲ, ಅಟ್ಟಕ್ಕೆ ಹಾಕಿ ಮೇಷ್ಟ್ರೇ. ಒಳ್ಗೆ ಕೂರ್ಸಿ. ತಿಂಗ್ಳಿಗೊಂದ್ಸಲ ನಾನೇ ಬಂದು ಕಿವಿಗೆ ಹಿಡಿದು ನೋಡ್ತೀನಿ."

ಸೋಮವಾರ ಹನ್ನೊಂದು ಮಕ್ಕಳೂ ಒಳಗೆ ಕೂತರು. ದೊಡ್ಡ ಮೇಷ್ಟ್ರು ಒಳ್ಳೆಯವರಾಗಿಬಿಟ್ಟರು ಎಂದೇನೂ ಅಲ್ಲ. ಸ್ಲೇಟು ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳುತ್ತಿದ್ದರಂತೆ. ತೊಳೆದುಕೊಳ್ಳಲಿ. ಮುಟ್ಟಿದರಲ್ಲ. ಒಂದು ತಿಂಗಳಲ್ಲಿ ಅಷ್ಟು ಸಲ ತೊಳೆದು ಅವರಿಗೇ ಬೇಸರ ಬಂತೆಂದು ಹೊನ್ನಿ ಹೇಳಿದಳು.

ಗುಡಿಸುವುದಕ್ಕೆ ಗಿರಿಜಾಂಬಿಕಾ ಟೀಚರು ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರು. ಸುತ್ತೋಲೆಯಲ್ಲಿ ಶ್ರಮದ ಗೌರವ ಎಲ್ಲ ಮಕ್ಕಳಿಗೂ ಇದೆ ಎಂದು ಬರೆದಿತ್ತಂತೆ. ದಿನಕ್ಕಿಬ್ಬರು, ಹಾಜರಿ ಪುಸ್ತಕದ ಹೆಸರಿನ ಸಾಲಿನಂತೆ. ನಮ್ಮ ಮಕ್ಕಳೂ ಕೆಂಪು ಕಾಗದ ಕತ್ತರಿಸಿದರು. ಹೊನ್ನಿಯ ಹೂ ನೋಡಿದರೆ ಬದನೆಕಾಯಿ ಇದ್ದ ಹಾಗಿತ್ತು.

ಮುಂದಿನ ತಿಂಗಳ ಪತ್ರ ಕೊಟ್ಟ ದಿನ ಸಂಜೆ ಮರುಳಸಿದ್ದಯ್ಯ ಕೊಟ್ಟಿಗೆಗೆ ಬಂದರು. ಕೊಬ್ಬರಿ ನೋಡಲು ಬಂದವರಂತೆ ಒಂದೆರಡು ಉಂಡೆ ಎತ್ತಿ ಇಟ್ಟರು. ಗಂಡಸರು ಹೊರಗೆ ಹೋಗುವವರೆಗೂ ಕಾದರು. ಆಮೇಲೆ ಒಳಜೇಬಿನಿಂದ ಒಂದು ಪತ್ರ ತೆಗೆದರು.

"ಭೈರಮ್ಮ" ಎಂದರು. ಅವರ ಬಾಯಲ್ಲಿ ಆ ಹೆಸರು ಪೂರ್ತಿ ಬಂದದ್ದು ಅದೇ ಮೊದಲು. "ನಮ್ಮ ತೋಂಟದಾರ್ಯಂದು ಇದು. ಓದು ಉತ್ತಮ, ಗಣಿತ ಉತ್ತಮ. ಇದೊಂದು ನೋಡು."

ಅವಳು ನನಗೆ ಕೊಟ್ಟಳು. ನಾನು ಓದಿದೆ. ಕಾರ್ಯಾನುಭವ, ಸಾಲದು. ಷರಾ, ಈ ಮಗುವಿಗೆ ಪೊರಕೆ ಹಿಡಿಯಲು ಬಾರದು.

"ಅವರಜ್ಜಿ ಬೆಳಗಿಂದ ಊಟ ಮಾಡಿಲ್ಲ" ಎಂದರು ಮರುಳಸಿದ್ದಯ್ಯ. "ನಮ್ಮ ಮನೇಲಿ ಯಾರೂ ಇಲ್ಲೀತನಕ ಫೇಲಾಗಿಲ್ಲ. ಇದೇನು ಫೇಲು ಅಂತಾನಾ? ಮೇಷ್ಟ್ರನ್ನ ಕೇಳಿದ್ರೆ ನಿರಂತರ ಮೌಲ್ಯಮಾಪನ ಅಂತಾರೆ. ನಂಗೊಂದೂ ತಿಳಿಯಲ್ಲ."

ಭೈರಮ್ಮ ಮಚ್ಚು ಪಕ್ಕಕ್ಕಿಟ್ಟಳು. ನಗು ಬಂದಿತ್ತು, ತಡೆದುಕೊಂಡಿದ್ದಳು. ಕೈ ಒರೆಸಿಕೊಂಡು ತನ್ನ ಎದುರಿಗಿದ್ದ ಮಟ್ಟೆಯ ರಾಶಿಯನ್ನು ತೋರಿಸಿದಳು.

"ಕುಂತ್ಕಳಿ ಸಾವ್ಕಾರ್ರೇ, ಹೇಳ್ತೀನಿ. ಈಗ ಫೇಲು ಅನ್ನೋದು ಇಲ್ಲ ಕಣ್ರೀ. ನಿಮ್ಮ ಹುಡ್ಗ ಇನ್ನೂ ಆಗಿಲ್ಲ, ಅಷ್ಟೇಯ. ನಾಳೆ ಬೆಳಿಗ್ಗೆ ಮನೇಲಿ ಪೊರ್ಕೆ ಕೈಗೆ ಕೊಡಿ."

ಮರುಳಸಿದ್ದಯ್ಯ ಮಟ್ಟೆಯ ರಾಶಿಯ ಮೇಲೆ ಕೂತರು.